ದಾರಿ ಕೇಳೋದು ಬಿಟ್ಟ ಮೇಲೆ (ಪಿಜೆ ಪೋಸ್ಟ್‌ಗಳು, ನಾಲ್ಕು ಭಾಗ ಒಟ್ಟಿಗೆ)

ಭಾಗ 1

ಪೆಟಾಲಿಂಗ್ ಜಯಾಕ್ಕೆ ಬಂದು ಆರು ವರ್ಷ ಆಯಿತು. ಇಲ್ಲಿ ಎಲ್ಲರೂ ಪಿಜೆ ಅಂತಲೇ ಕರೆಯೋದು, ನಾನೂ ಹಾಗೇ ಬರೆಯುತ್ತೇನೆ. ಹೋದ ತಿಂಗಳು ಒಂದು ರಾತ್ರಿ ಒಂಬತ್ತೂವರೆಗೆ ಡ್ಯೂಟಿ ಮುಗಿಸಿ, ಜೊತೆಯ ಫಿಲಿಪೀನ್ಸ್ ಸಿಸ್ಟರ್ ಒಬ್ಬಳ ಮಗುವಿನ ಹುಟ್ಟುಹಬ್ಬಕ್ಕೆ ಹೊರಟೆ. ಅವಳ ಮನೆ ಎಸ್‌ಎಸ್2ರಲ್ಲಿ. ಆ ಮನೆಗೆ ಕಮ್ಮಿ ಅಂದರೂ ಹತ್ತು ಸಲ ಹೋಗಿದ್ದೇನೆ. ಎಲ್‌ಆರ್‌ಟಿ ಇಳಿದು ನಡೆಯುತ್ತಾ ಇದ್ದಾಗ ಫೋನ್ ಆಫ್ ಆಯಿತು. ಹನ್ನೆರಡು ಗಂಟೆ ವಾರ್ಡಿನಲ್ಲಿ ಚಾರ್ಜ್ ಹಾಕಿರಲಿಲ್ಲ.

ನಿಂತೆ. ಮುಂದೆ ಯಾವ ಕಡೆ ಅಂತ ನಿಜವಾಗಿಯೂ ಗೊತ್ತಾಗಲಿಲ್ಲ.

ಹತ್ತು ಸಲ ಹೋಗಿದ್ದೆ ಅಂದೆನಲ್ಲ, ಹತ್ತೂ ಸಲ ಫೋನ್ ನೋಡಿಕೊಂಡು ಹೋಗಿದ್ದೆ. ನಾನು ನೋಡಿದ್ದು ನೀಲಿ ಗೆರೆಯನ್ನು, ರಸ್ತೆಯನ್ನಲ್ಲ. ಮೂಲೆಯ ಮನೆಯ ಮುಂದೆ ದೊಡ್ಡ ಮಾವಿನ ಮರ ಇದೆ ಅಂತ ಆವತ್ತೇ ಮೊದಲು ಗಮನಿಸಿದ್ದು. ಕೊನೆಗೆ ಒಂದು ಗೇಟಿನ ಹತ್ತಿರ ಕೂತಿದ್ದ ಸೆಕ್ಯೂರಿಟಿ ಪಾಕ್ ಚಿಕ್ (ಇಲ್ಲಿ ವಯಸ್ಸಾದ ಗಂಡಸರನ್ನು ಹಾಗೆ ಕರೆಯುತ್ತಾರೆ, ನಮ್ಮ ಚಿಕ್ಕಪ್ಪ ಇದ್ದ ಹಾಗೆ) ದಾರಿ ಹೇಳಿದರು. ಮಲಯ ಭಾಷೆ ನನಗೆ ಅರೆಬರೆ. ಆದರೂ ಅವರು ಹೇಳಿದ್ದು ಪೂರ್ತಿ ಅರ್ಥ ಆಯಿತು, ಯಾಕೆಂದರೆ ಅವರು ನಂಬರ್‌ಗಳಲ್ಲಿ ಹೇಳಿದರು.

ಪಿಜೆಯ ವಿಶೇಷ ಇರೋದೇ ಇಲ್ಲಿ. ಊರಿನ ಬಹುಪಾಲು ರಸ್ತೆಗಳಿಗೆ ಹೆಸರಿಲ್ಲ, ನಂಬರ್ ಇದೆ. ಜಲಾನ್ ಎಸ್‌ಎಸ್ 2/24 ಅಂದರೆ ಎಸ್‌ಎಸ್2 ಬಡಾವಣೆಯ 24ನೇ ರಸ್ತೆ. ಜಲಾನ್ 17/21 ಅಂದರೆ ಸೆಕ್ಷನ್ 17ರ 21ನೇ ರಸ್ತೆ. ಜಲಾನ್ ಅಂದರೆ ರಸ್ತೆ. ಎಸ್‌ಎಸ್ ಅಂದರೆ ಸುಂಗೈ ವೇ–ಸುಬಾಂಗ್. ಪಿಜೆಎಸ್ ಅಂದರೆ ಪಿಜೆ ದಕ್ಷಿಣ, ಪಿಜೆಯು ಅಂದರೆ ಪಿಜೆ ಉತ್ತರ. ಬೆಂಗಳೂರಿನ ಜಯನಗರ ಗೊತ್ತಿರುವವರಿಗೆ ಇದು ಹೊಸದೇನಲ್ಲ. ನಾಲ್ಕನೇ ಬ್ಲಾಕ್, ಹನ್ನೊಂದನೇ ಮೇನ್, ಇಷ್ಟನೇ ಕ್ರಾಸ್. ಅದೇ ಕಾಲದ, ಅದೇ ಬುದ್ಧಿಯ ಕೆಲಸ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಪಿಜೆ ಶುರುವಾದದ್ದು 1952ರಲ್ಲಿ.

ಅದಕ್ಕೂ ಮುಂಚೆ ಇಲ್ಲಿ ಇದ್ದದ್ದು ಎಫಿಂಗ್‌ಹ್ಯಾಮ್ ಎಸ್ಟೇಟ್ ಅಂತ 1,200 ಎಕರೆ ರಬ್ಬರ್ ತೋಟ. ಕ್ವಾಲಾಲಂಪುರದಲ್ಲಿ ಜನ ತುಂಬಿ, ಸಿಕ್ಕ ಸಿಕ್ಕ ಜಾಗದಲ್ಲಿ ಗುಡಿಸಲು ಎದ್ದು, ಅದರ ಮೇಲೆ ಕಮ್ಯುನಿಸ್ಟ್ ದಂಗೆಯ ತುರ್ತುಪರಿಸ್ಥಿತಿ ಬೇರೆ. ಈ ಜನರನ್ನೆಲ್ಲ ಎಲ್ಲಾದರೂ ನೆಲೆಗೊಳಿಸಬೇಕಿತ್ತು. 1953ರ ಹೊತ್ತಿಗೆ ಎರಡು ರಸ್ತೆಗಳ ಸುತ್ತ 800 ಮನೆ ಎದ್ದಿದ್ದವು. ಜನ ಆ ರಸ್ತೆಗಳನ್ನು ಕರೆದದ್ದು ಒಂದನೇ ರಸ್ತೆ, ಎರಡನೇ ರಸ್ತೆ ಅಂತ. ರಬ್ಬರ್ ಮರ ಕಡಿದು ಮಾಡಿದ ಊರಿಗೆ ಹಳೆಯ ಹೆಸರು ಎಲ್ಲಿಂದ ಬರಬೇಕು? ನಮ್ಮ ಕಡೆ ಊರಿನ ಹೆಸರಲ್ಲೇ ಕೆರೆ, ಹಳ್ಳಿ, ಪಾಳ್ಯ, ಕೊಪ್ಪಲು ಇರುತ್ತದೆ. ಹೆಸರು ಕೇಳಿದರೆ ನೆಲದ ಗುಣ ಗೊತ್ತಾಗುತ್ತದೆ. ಇಲ್ಲಿ ಅಂಥ ನೆನಪು ಯಾರಿಗೂ ಇರಲಿಲ್ಲ, ನಂಬರ್ ಹಾಕಿದರು. 2006ರಲ್ಲಿ ಪಿಜೆಗೆ ನಗರದ ಪಟ್ಟ ಸಿಕ್ಕಿತು.

ನಂಬರ್ ಇದ್ದರೆ ಸುಲಭ ಅಂತ ಅಂದುಕೊಳ್ಳಬೇಡಿ. ಎಸ್‌ಎಸ್2ರ ಹತ್ತಿರವೇ ಎಸ್‌ಎಸ್24 ಇದೆ. ಎಸ್‌ಎಸ್12ರಿಂದ 19ರವರೆಗಿನ ಬಡಾವಣೆಗಳು ಪಿಜೆಯಲ್ಲೇ ಇಲ್ಲ, ಪಕ್ಕದ ಸುಬಾಂಗ್ ಜಯಾದಲ್ಲಿವೆ. ಸೆಕ್ಷನ್‌ಗಳನ್ನು 20, 21, 22 ಅಂತ ಎಣಿಸುತ್ತಾ ಹೋದರೆ ಮುಂದೆ ಒಂದೇ ನೆಗೆತಕ್ಕೆ 51 ಬರುತ್ತದೆ. ಅದರ ಮೇಲೆ ಹೆದ್ದಾರಿಗಳು. ಫೆಡರಲ್ ಹೈವೇ ಊರನ್ನು ಎರಡು ಹೋಳು ಮಾಡಿದೆ. ಎಲ್‌ಡಿಪಿ ಹೈವೇಯಲ್ಲಿ ಒಂದು ತಿರುವು ತಪ್ಪಿದರೆ ಮತ್ತೆ ಹಿಂದಕ್ಕೆ ಬರಲು ಎಷ್ಟೋ ದೂರ ಹೋಗಿ, ಟೋಲ್ ಕಟ್ಟಿ, ತಿರುಗಬೇಕು. ಎದುರಿಗೇ ಕಾಣುವ ಕಟ್ಟಡಕ್ಕೆ ಇಪ್ಪತ್ತು ನಿಮಿಷ! ಈ ದೇಶದವರು ಫೋನ್ ನಕ್ಷೆಗೆ ಇಷ್ಟು ಬೇಗ ಒಗ್ಗಿಕೊಂಡದ್ದಕ್ಕೆ ಈ ಹೈವೇಗಳೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಇಲ್ಲಿ ‘ವೇಜ್’ ಅನ್ನುವುದು ಈಗ ಕ್ರಿಯಾಪದ. "ಗೊತ್ತಿಲ್ವಾ? ವೇಜ್ ಮಾಡು" ಅನ್ನುತ್ತಾರೆ. ಅದು ಹುಟ್ಟಿದ್ದು ಇಸ್ರೇಲಿನಲ್ಲಿ. 2006ರಲ್ಲಿ ಎಹುದ್ ಶಬ್ತೈ ಎಂಬ ಪ್ರೋಗ್ರಾಮರ್ ಜನರೇ ಸೇರಿ ಬಿಡಿಸುವ ಉಚಿತ ನಕ್ಷೆಯೊಂದನ್ನು ಶುರು ಮಾಡಿದ. ಅದು ಬೆಳೆದು ಕಂಪನಿಯಾಗಿ, 2013ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಆದರೆ ಮಲೇಷ್ಯಾದವರು ಇಂಥ ಕೆಲಸವನ್ನು ಮೊದಲೇ ಮಾಡಿದ್ದರು ಅಂತ ನನಗೆ ನಮ್ಮ ಆಸ್ಪತ್ರೆಯ ಹಿರಿಯ ಫಾರ್ಮಸಿಸ್ಟ್ ಒಬ್ಬರು ಹೇಳಿದ್ದು. ಕಾರಿನ ಗಾಜಿಗೆ ಅಂಟಿಸುವ ಗಾರ್ಮಿನ್ ಯಂತ್ರಗಳ ಕಾಲದಲ್ಲಿ ಕಂಪನಿಯ ನಕ್ಷೆ ಸಾಲದು ಅಂತ ಇಲ್ಲಿನ ಹವ್ಯಾಸಿಗಳು ಸೇರಿ ‘ಮಾಲ್‌ಸಿಂಗ್‌ಮ್ಯಾಪ್ಸ್’ ಅಂತ ಮಲೇಷ್ಯಾ–ಸಿಂಗಾಪುರದ ನಕ್ಷೆಯನ್ನು ತಾವೇ ಮಾಡಿ ಪುಕ್ಕಟೆ ಹಂಚುತ್ತಿದ್ದರು. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊಸ ಬಡಾವಣೆಯ ರಸ್ತೆಗಳಲ್ಲಿ ಸುಮ್ಮನೆ ಕಾರು ಓಡಿಸಿ, ಓಡಿಸಿದ ಜಾಡನ್ನು ಕಳಿಸುವವರು ಇದ್ದರಂತೆ. ಹೆಂಡತಿಯರು ಏನಂದರು ಅಂತ ಅವರು ಹೇಳಲಿಲ್ಲ.

2012ರಲ್ಲಿ ಕ್ವಾಲಾಲಂಪುರದಲ್ಲಿ ‘ಮೈಟೆಕ್ಸಿ’ ಶುರುವಾಯಿತು. ಅದೇ ಇವತ್ತಿನ ಗ್ರ್ಯಾಬ್. ಅಲ್ಲಿಗೆ ಡ್ರೈವರ್‌ಗೆ ದಾರಿ ಗೊತ್ತಿರಬೇಕು ಅನ್ನುವ ನಿಯಮವೇ ಹೋಯಿತು. ದಾರಿ ಫೋನಿಗೆ ಗೊತ್ತಿದ್ದರೆ ಸಾಕು. ರಸ್ತೆಯ ಹೆಸರು ಬದಲಾದರೂ ಚಿಂತೆಯಿಲ್ಲ. 2014ರಲ್ಲಿ ಕ್ವಾಲಾಲಂಪುರದ ಜಲಾನ್ ದೂತಾ ಅನ್ನುವ ದೊಡ್ಡ ರಸ್ತೆ ಜಲಾನ್ ತುವಾಂಕು ಅಬ್ದುಲ್ ಹಲೀಂ ಆಯಿತು. ಹಳಬರು ಈಗಲೂ ದೂತಾ ಅನ್ನುತ್ತಾರೆ, ಫೋನ್ ಹೊಸ ಹೆಸರು ಹೇಳುತ್ತದೆ, ಕಾರು ಮಾತ್ರ ಸರಿಯಾಗಿ ಹೋಗುತ್ತದೆ.

ಇದನ್ನೆಲ್ಲ ಬರೆಯಲು ಕೂತದ್ದು ಆ ರಾತ್ರಿಯ ದೆಸೆಯಿಂದಲ್ಲ, ಅಪ್ಪನ ದೆಸೆಯಿಂದ. ಅದು ಕೊನೆಯ ಭಾಗದಲ್ಲಿ. ಅದಕ್ಕೆ ಮುಂಚೆ ಈ ಫೋನಿಗೆ ದಾರಿ ಹೇಗೆ ಗೊತ್ತಾಯಿತು ಅನ್ನುವುದನ್ನು ಹೇಳಿಬಿಡುತ್ತೇನೆ.

ಭಾಗ 2

ಮೊದಲು ನಮ್ಮ ಶ್ರೀರಂಗಪಟ್ಟಣಕ್ಕೆ ಹೋಗಿಬರೋಣ.

1799ರ ಏಪ್ರಿಲ್. ಟಿಪ್ಪು ವಿರುದ್ಧದ ಕೊನೆಯ ಯುದ್ಧ. ಕೋಟೆಯ ಹೊರಗೆ ಸುಲ್ತಾನ್‌ಪೇಟೆಯ ತೋಪಿನಲ್ಲಿ ಶತ್ರುಗಳಿದ್ದಾರಾ ನೋಡಿ ಅಂತ ಜನರಲ್ ಬೇರ್ಡ್‌ನನ್ನು ಒಂದು ರಾತ್ರಿ ಪಡೆ ಕೊಟ್ಟು ಕಳಿಸಿದರು. ತೋಪಿನಲ್ಲಿ ಯಾರೂ ಇರಲಿಲ್ಲ. ವಾಪಸ್ ಬರುವಾಗ ಕತ್ತಲಲ್ಲಿ ದಿಕ್ಕು ತಪ್ಪಿ ಪಡೆ ಟಿಪ್ಪುವಿನ ದಂಡಿನ ಕಡೆಗೇ ನಡೆಯತೊಡಗಿತು. ಆಗ ಜೊತೆಗಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಆಕಾಶ ನೋಡಿ, ನಾವು ಹೋಗಬೇಕಾದ್ದು ದಕ್ಷಿಣಕ್ಕೆ, ಹೋಗುತ್ತಿರುವುದು ಉತ್ತರಕ್ಕೆ ಅಂದ. ಬೇರ್ಡ್‌ಗೆ ನಂಬಿಕೆ ಬರಲಿಲ್ಲ. ಜೇಬಿನಲ್ಲಿ ದಿಕ್ಸೂಚಿ ಇತ್ತು, ಆದರೆ ಬೆಳಕು ಹಚ್ಚಿದರೆ ಶತ್ರುಗಳಿಗೆ ಕಾಣುತ್ತದೆ. ಒಂದು ಮಿಂಚುಹುಳ ಹಿಡಿದು ಗಾಜಿನ ಮೇಲಿಟ್ಟು ಮುಳ್ಳು ನೋಡಿದನಂತೆ. ಲ್ಯಾಂಬ್ಟನ್ ಹೇಳಿದ್ದೇ ಸರಿ ಇತ್ತು. ಮಿಂಚುಹುಳದ ಕಥೆ ಎಷ್ಟು ನಿಜವೋ, ನನಗಂತೂ ಬಹಳ ಇಷ್ಟ.

ಯುದ್ಧ ಮುಗಿದ ಮೇಲೆ ಅದೇ ಲ್ಯಾಂಬ್ಟನ್ ದಕ್ಷಿಣ ಭಾರತವನ್ನು ಕರಾರುವಾಕ್ಕಾಗಿ ಅಳೆಯುತ್ತೇನೆ ಅಂತ ಹೊರಟ. 1800ರಲ್ಲಿ ಬೆಂಗಳೂರಿನ ಹತ್ತಿರ ಉಕ್ಕಿನ ಸರಪಳಿ ಹಿಡಿದು ಮೊದಲ ಆಧಾರರೇಖೆ ಅಳೆದ. 1802ರಲ್ಲಿ ಮದರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೆ ಶುರುವಾಗಿ, ಗುಡ್ಡದಿಂದ ಗುಡ್ಡಕ್ಕೆ ತ್ರಿಕೋನ ಕಟ್ಟುತ್ತಾ ಮಂಗಳೂರಿನ ಕಡಲ ತನಕ ಬಂತು. ಅರ್ಧ ಟನ್ ತೂಕದ ಥಿಯೊಡೊಲೈಟ್ ಯಂತ್ರವನ್ನು ಗುಡ್ಡದ ತುದಿಗೆ ಹೊರಬೇಕು. ಹೊತ್ತವರು ನಮ್ಮ ಜನ, ಹೆಸರು ಉಳಿದದ್ದು ಅವನದು. ಅಳೆದ ಮೇಲೆ ಗೊತ್ತಾಯಿತು: ಮದರಾಸಿನಿಂದ ಮಂಗಳೂರಿಗೆ 400 ಮೈಲಿ ಅಂತ ಹಳೆಯ ನಕ್ಷೆಗಳಲ್ಲಿದ್ದದ್ದು ತಪ್ಪು, ಇರುವುದು 360. ನಕ್ಷೆಯಲ್ಲಿ 40 ಮೈಲಿ ಅಗಲದ ಭೂಮಿ ಮಾಯ!

ತ್ರಿಕೋನದ ತತ್ವ ಇಷ್ಟೇ. ಗೊತ್ತಿರುವ ಎರಡು ಜಾಗದಿಂದ ಮೂರನೆಯದನ್ನು ನೋಡಿ ಕೋನ ಅಳೆದರೆ ಮೂರನೆಯದು ಎಲ್ಲಿದೆ ಅಂತ ಲೆಕ್ಕ ಹಾಕಬಹುದು. ಇವತ್ತು ನಮ್ಮ ಫೋನ್ ಮಾಡುವುದೂ ಅದರ ತಮ್ಮನಂಥ ಲೆಕ್ಕವೇ. ಕೋನದ ಬದಲು ಸಮಯ ಅಳೆಯುತ್ತದೆ, ಗುಡ್ಡದ ಬದಲು ಉಪಗ್ರಹ.

ಇದು ಶುರುವಾದದ್ದು ಉಲ್ಟಾ ಕಡೆಯಿಂದ. 1957ರ ಅಕ್ಟೋಬರ್‌ನಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಗ್ವಯರ್ ಮತ್ತು ವೈಫನ್‌ಬಾಕ್ ಎಂಬ ಇಬ್ಬರು ಅದರ ಬೀಪ್ ಬೀಪ್ ಕೇಳುತ್ತಾ ಕೂತರು. ರೈಲು ಹತ್ತಿರ ಬರುವಾಗ ಸೀಟಿಯ ಸ್ವರ ಏರಿ, ದಾಟಿದ ಮೇಲೆ ಇಳಿಯುತ್ತದಲ್ಲ, ಹಾಗೆ ಸ್ಪುಟ್ನಿಕ್‌ನ ಸ್ವರವೂ ಬದಲಾಗುತ್ತಿತ್ತು. ಆ ಏರಿಳಿತದಿಂದ ಅದರ ಕಕ್ಷೆಯನ್ನೇ ಕಂಡುಹಿಡಿದರು. ಅವರ ಹಿರಿಯ ಮೆಕ್ಲೂರ್ ಕೇಳಿದ: ನೆಲದಿಂದ ಉಪಗ್ರಹ ಎಲ್ಲಿದೆ ಅಂತ ತಿಳಿಯಬಹುದಾದರೆ, ಉಪಗ್ರಹದಿಂದ ನಾವು ಎಲ್ಲಿದ್ದೇವೆ ಅಂತ ತಿಳಿಯಬಹುದಲ್ಲ? ಅದರಿಂದ ಸಬ್‌ಮರೀನ್‌ಗಳಿಗೆ ದಾರಿ ತೋರುವ ಟ್ರಾನ್ಸಿಟ್ ವ್ಯವಸ್ಥೆ ಬಂತು. ನಂತರ 1973ರಲ್ಲಿ ಜಿಪಿಎಸ್ ಯೋಜನೆ, 1978ರಲ್ಲಿ ಅದರ ಮೊದಲ ಉಪಗ್ರಹ.

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ಹೇಳುವುದು ಒಂದೇ ಮಾತು: ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು. ಆ ಮಾತು ಎಷ್ಟು ತಡವಾಗಿ ಬಂತು ಅಂತ ನೋಡಿ ಫೋನ್ ದೂರ ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹ ಕೇಳಿಸಿದರೆ ನೀವು ಎಲ್ಲಿದ್ದೀರಿ ಅಂತ ಗೊತ್ತು. ಬೆಳಕು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ 300 ಮೀಟರ್ ಹೋಗುತ್ತದೆ. ಹಾಗಾಗಿ ಗಡಿಯಾರ ಅಷ್ಟು ತಪ್ಪಿದರೂ ನಿಮ್ಮ ಮನೆ ಪಕ್ಕದ ಬೀದಿಗೆ ಹೋಗುತ್ತದೆ. ಅದಕ್ಕೇ ಅದರೊಳಗೆ ಪರಮಾಣು ಗಡಿಯಾರ. ಐನ್‌ಸ್ಟೈನ್ ಹೇಳಿದ ಹಾಗೆ ಮೇಲಿನ ಗಡಿಯಾರ ಕೆಳಗಿನದಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿ ಮಾಡದಿದ್ದರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರ್ ಮೇಲೆ ತಪ್ಪು ಬೀಳುತ್ತದೆ. ಇನ್ನೂ ಒಬ್ಬರ ಹೆಸರು ಹೇಳಲೇಬೇಕು: ಗ್ಲಾಡಿಸ್ ವೆಸ್ಟ್. ಭೂಮಿ ನಿಜವಾಗಿ ಯಾವ ಆಕಾರದಲ್ಲಿದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಕಪ್ಪು ಅಮೆರಿಕನ್ ಗಣಿತಜ್ಞೆ. ಆ ಲೆಕ್ಕ ಇಲ್ಲದಿದ್ದರೆ ಜಿಪಿಎಸ್ ಇಷ್ಟು ನಿಖರ ಆಗುತ್ತಿರಲಿಲ್ಲ. ಎಷ್ಟೋ ವರ್ಷ ಯಾರಿಗೂ ಅವರ ಹೆಸರೇ ಗೊತ್ತಿರಲಿಲ್ಲ. ನರ್ಸ್‌ಗಳಿಗೆ ಈ ಕಥೆ ಬೇಗ ಅರ್ಥ ಆಗುತ್ತದೆ.

ಮಿಲಿಟರಿಯ ಈ ಸೊತ್ತು ಸಾಮಾನ್ಯರ ಕೈಗೆ ಬರಲು 269 ಜನ ಸಾಯಬೇಕಾಯಿತು. 1983ರ ಸೆಪ್ಟೆಂಬರ್ 1ರಂದು ಕೊರಿಯನ್ ಏರ್ ಲೈನ್ಸ್‌ನ 007 ವಿಮಾನ ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋಯಿತು. ಅವರು ಹೊಡೆದುರುಳಿಸಿದರು. ಜಿಪಿಎಸ್ ಸಿದ್ಧವಾದಾಗ ಅದನ್ನು ನಾಗರಿಕರಿಗೂ ಕೊಡುತ್ತೇವೆ ಅಂತ ಅಧ್ಯಕ್ಷ ರೇಗನ್ ಸರ್ಕಾರ ಪ್ರಕಟಿಸಿತು. ಕೊಟ್ಟರು, ಆದರೆ ಬೇಕಂತಲೇ ನೂರು ಮೀಟರ್‌ವರೆಗೆ ತಪ್ಪು ಬೆರೆಸಿ ಕೊಟ್ಟರು. ಆ ಬೆರಕೆಯನ್ನು ಕ್ಲಿಂಟನ್ ನಿಲ್ಲಿಸಿದ್ದು 2000ದ ಮೇ ತಿಂಗಳ ಮೊದಲ ದಿನ.

ಅದು ಫೋನಿನ ಒಳಗೆ ಬಂದದ್ದು ಯಾಕೆ ಗೊತ್ತಾ? ಆಂಬುಲೆನ್ಸ್‌ಗೋಸ್ಕರ. ಲ್ಯಾಂಡ್‌ಲೈನ್‌ನಿಂದ ತುರ್ತು ಕರೆ ಬಂದರೆ ವಿಳಾಸ ಗೊತ್ತಾಗುತ್ತಿತ್ತು. ಮೊಬೈಲ್ ಬಂದ ಮೇಲೆ, ಕರೆ ಮಾಡಿದವರಿಗೆ ಉಸಿರು ಸಿಕ್ಕಿಕೊಂಡಿದ್ದರೆ, ಎಲ್ಲಿದ್ದೀರಿ ಅಂತ ಕೇಳಿದರೆ ಉತ್ತರ ಬರುವುದಿಲ್ಲ. 1996ರಲ್ಲಿ ಅಮೆರಿಕದ ಸಂಪರ್ಕ ಆಯೋಗ, 911ಕ್ಕೆ ಕರೆ ಮಾಡಿದ ಮೊಬೈಲ್ ಎಲ್ಲಿದೆ ಅಂತ ಕಂಪನಿಗಳು ಹೇಳಲೇಬೇಕು ಅಂತ ನಿಯಮ ತಂದಿತು. 1999ರಲ್ಲಿ ಫಿನ್‌ಲೆಂಡಿನ ಬೆನೆಫೋನ್ ಕಂಪನಿ ಜಿಪಿಎಸ್ ಇರುವ ಫೋನ್ ಮಾರಿತು. ಮಿಕ್ಕದ್ದು, ಅಂದರೆ ಪಿಜ್ಜಾ, ಟ್ಯಾಕ್ಸಿ, ಗಂಡ ಎಲ್ಲಿದ್ದಾನೆ ಅಂತ ನೋಡುವುದು, ಎಲ್ಲ ಆಮೇಲೆ ಬಂದದ್ದು.

ಭಾಗ 3

ಇದು ಚಿಕ್ಕ ಭಾಗ, ಹಾಸನದವರಿಗೆ.

ನಮ್ಮೂರಿನ ಸಾಲಗಾಮೆ ರಸ್ತೆಯಲ್ಲಿ ದೊಡ್ಡ ಬಿಳಿ ಬಟ್ಟಲುಗಳು ಆಕಾಶ ನೋಡುತ್ತಾ ನಿಂತಿರುವುದನ್ನು ಹಾಸನದವರೆಲ್ಲ ನೋಡಿದ್ದೇವೆ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 1982ರಿಂದ ಇದೆ. ಶಾಲೆಗೆ ಹೋಗುವಾಗ ಅದು ಟಿವಿ ಸಿಗಲಿ ಅಂತ ಇಟ್ಟ ಡಿಶ್ ಅಂದುಕೊಂಡಿದ್ದೆ. ಪೂರ್ತಿ ತಪ್ಪೂ ಅಲ್ಲ, ಇನ್‌ಸ್ಯಾಟ್ ಉಪಗ್ರಹಗಳ ಯೋಗಕ್ಷೇಮ ನೋಡಲೆಂದೇ ಅದನ್ನು ಕಟ್ಟಿದ್ದು. ನಂತರ ಭಾರತ ತನ್ನದೇ ದಾರಿ ತೋರುವ ಉಪಗ್ರಹಗಳನ್ನು ಹಾರಿಸತೊಡಗಿದಾಗ, ರಾಕೆಟ್‌ನಿಂದ ಬಿಡಿಸಿಕೊಂಡ ಉಪಗ್ರಹವನ್ನು ಸರಿಯಾದ ಕಕ್ಷೆಗೆ ಏರಿಸುವ ಕೆಲಸ ಮಾಡಿದ್ದೂ ಇದೇ ಹಾಸನ. ಮೊದಲನೆಯದು ಹೋದದ್ದು 2013ರ ಜುಲೈ 1ರಂದು. 2016ರ ಏಪ್ರಿಲ್‌ಗೆ ಏಳೂ ಮೇಲಿದ್ದವು, ನಾವಿಕ್ ಅಂತ ಹೆಸರಾಯಿತು. ಅದರ ನ್ಯಾವಿಗೇಷನ್ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ.

ಅದಾದ ಮೇಲಿನದು ಅಷ್ಟು ಸಂತೋಷದ ಕಥೆಯಲ್ಲ. ಮೊದಲ ಉಪಗ್ರಹದ ಮೂರು ಪರಮಾಣು ಗಡಿಯಾರಗಳೂ ಕೆಟ್ಟವು. ಅವು ಹೊರದೇಶದಿಂದ ತಂದವು. ಬದಲಿಗೆ 2017ರಲ್ಲಿ ಕಳಿಸಿದ ಉಪಗ್ರಹ ರಾಕೆಟ್ಟಿನ ಮೂತಿಯ ಕವಚ ಬಿಚ್ಚಿಕೊಳ್ಳದೆ ಒಳಗೇ ಉಳಿಯಿತು. 2023ರ ಮೇ ತಿಂಗಳಲ್ಲಿ ನಮ್ಮಲ್ಲೇ ಮಾಡಿದ ಗಡಿಯಾರ ಇಟ್ಟು ಎನ್‌ವಿಎಸ್-01 ಹೋಯಿತು, ಖುಷಿಯಾಯಿತು. 2025ರ ಜನವರಿಯಲ್ಲಿ ಹೋದ ಎನ್‌ವಿಎಸ್-02 ಬೇಕಾದ ಕಕ್ಷೆ ಸೇರಲಿಲ್ಲ. ರಾಕೆಟ್ ಹಾರಿದ ದಿನ ನಮ್ಮ ಹಾಸನದ ಗ್ರೂಪಿನಲ್ಲಿ ಬಾವುಟಗಳ ಸಾಲು ಇರುತ್ತದೆ. ಗಡಿಯಾರ ಕೆಟ್ಟ ದಿನ ಯಾರೂ ಏನೂ ಹಾಕುವುದಿಲ್ಲ. ಐಸಿಯುನಲ್ಲಿ ಕೆಲಸ ಮಾಡಿದವಳಾಗಿ ಹೇಳುತ್ತೇನೆ, ಯಂತ್ರ ತಂದು ಉದ್ಘಾಟನೆ ಮಾಡುವುದು ಒಂದು, ಅದನ್ನು ಹತ್ತು ವರ್ಷ ದಿನಾ ನಡೆಸುವುದು ಇನ್ನೊಂದು. ಎರಡನೆಯದಕ್ಕೆ ಫೋಟೋ ತೆಗೆಯುವವರಿಲ್ಲ.

ಭಾಗ 4

ಈಗ ಅಪ್ಪನ ವಿಷಯ.

ಅಪ್ಪ ಕೆಎಸ್ಸಾರ್ಟಿಸಿ ಡ್ರೈವರ್ ಆಗಿದ್ದವರು. ಮೂವತ್ತು ವರ್ಷದ ಹತ್ತಿರ ಸರ್ವೀಸು, ಅದರಲ್ಲಿ ಹೆಚ್ಚಿನದು ಹಾಸನ–ಮಂಗಳೂರು. ಶಿರಾಡಿ ಘಾಟಿಯ ಒಂದೊಂದು ತಿರುವೂ ಅವರಿಗೆ ಬಾಯಿಪಾಠ. ಎಲ್ಲಿ ಮಳೆಗಾಲದಲ್ಲಿ ನೀರು ರಸ್ತೆಗೆ ಹರಿಯುತ್ತದೆ, ಎಲ್ಲಿ ಲಾರಿಯವರು ಅಡ್ಡ ಬರುತ್ತಾರೆ, ಎಲ್ಲ. ಎರಡು ವರ್ಷದ ಹಿಂದೆ ಮರೆವು ಶುರುವಾಯಿತು. ನಾನು ರಜೆಗೆ ಹೋದಾಗ ಅವರು ಸಾಲಗಾಮೆ ರಸ್ತೆಯಿಂದ ಮಾರ್ಕೆಟ್‌ಗೆ ಹೋಗಿ ವಾಪಸ್ ಬರಲು ತಡವರಿಸಿದ್ದು ನೋಡಿ ನನಗೆ ಎದೆ ಧಸಕ್ ಅಂತು. ಅಲ್ಜೈಮರ್‌ನಲ್ಲಿ ಹೆಸರು ಮರೆಯುವುದು ಎಲ್ಲರಿಗೂ ಗೊತ್ತು. ಗೊತ್ತಿರುವ ದಾರಿ ತಪ್ಪುವುದೂ ಅದರ ಬೇಗನೆ ಕಾಣುವ ಲಕ್ಷಣ. ಮೆದುಳಿನಲ್ಲಿ ಹಿಪ್ಪೊಕ್ಯಾಂಪಸ್ ಅಂತ ಒಂದು ಭಾಗ ಇದೆ, ನೆನಪಿಗೂ ದಾರಿಗೂ ಅದೇ ಮುಖ್ಯ. ಕಾಯಿಲೆ ಬೇಗ ಮುಟ್ಟುವ ಜಾಗಗಳಲ್ಲಿ ಅದೂ ಒಂದು. ಅಲ್ಲಿ ಜಾಗಕ್ಕೊಂದು ಕೋಶ ಇರುತ್ತದೆ ಅಂತ ಕಂಡುಹಿಡಿದ ಜಾನ್ ಓಕೀಫ್‌ಗೆ, ಮೋಸರ್ ದಂಪತಿಗಳ ಜೊತೆ, 2014ರ ನೊಬೆಲ್ ಬಂತು.

ಲಂಡನ್ನಿನ ಟ್ಯಾಕ್ಸಿ ಡ್ರೈವರ್‌ಗಳ ಬಗ್ಗೆ ನೀವು ಕೇಳಿರಬಹುದು. ಅಲ್ಲಿ ಲೈಸೆನ್ಸ್ ಬೇಕಾದರೆ ಸುಮಾರು 25,000 ಬೀದಿಗಳನ್ನು ತಲೆಯಲ್ಲಿಟ್ಟುಕೊಂಡು ಪರೀಕ್ಷೆ ಪಾಸಾಗಬೇಕು. 2000ದಲ್ಲಿ ಎಲಿನರ್ ಮಗ್ವಾಯರ್ ಮತ್ತು ಸಂಗಡಿಗರು ಅವರ ಮೆದುಳು ಸ್ಕ್ಯಾನ್ ಮಾಡಿ, ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರಿಗಿಂತ ದೊಡ್ಡದಿದೆ ಅಂತ ತೋರಿಸಿದರು. ನಾನು ಬಿಎಸ್ಸಿ ನರ್ಸಿಂಗ್ ಓದುವಾಗ ಇದನ್ನು ಕೇಳಿ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ, ನಿನ್ನ ಮೆದುಳು ದೊಡ್ಡದಂತೆ ಅಂತ. ಆಮೇಲೆ ತಿಳಿದದ್ದು: 2006ರಲ್ಲಿ ಅದೇ ತಂಡ ಬಸ್ ಡ್ರೈವರ್‌ಗಳನ್ನೂ ನೋಡಿತ್ತು. ದಿನಾ ಅದೇ ರೂಟಿನಲ್ಲಿ ಹೋಗುವವರಿಗೆ ಆ ಬದಲಾವಣೆ ಇರಲಿಲ್ಲ.

2024ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇನ್ನೊಂದು ಬಂತು. ಅಮೆರಿಕದ ಸುಮಾರು 90 ಲಕ್ಷ ಮರಣ ದಾಖಲೆಗಳು, 443 ಉದ್ಯೋಗಗಳು. ಒಟ್ಟಾರೆ ಶೇ. 3.88 ಮರಣಗಳಿಗೆ ಅಲ್ಜೈಮರ್ ಕಾರಣ ಅಂತ ಬರೆದಿತ್ತು. ಟ್ಯಾಕ್ಸಿ ಡ್ರೈವರ್‌ಗಳಲ್ಲಿ ಶೇ. 1.03. ಆಂಬುಲೆನ್ಸ್ ಡ್ರೈವರ್‌ಗಳಲ್ಲಿ ಶೇ. 0.74. ಬಸ್ ಡ್ರೈವರ್‌ಗಳಲ್ಲಿ ಶೇ. 3.11. ಟ್ಯಾಕ್ಸಿಯವರು ಚಿಕ್ಕ ವಯಸ್ಸಿಗೇ ತೀರಿಕೊಳ್ಳುವುದರಿಂದ ಹೀಗೆ ಕಾಣಬಹುದಲ್ಲ ಅಂತ ನನಗೂ ಅನಿಸಿತು. ವಯಸ್ಸಿನ ಲೆಕ್ಕ ಸರಿಮಾಡಿದ ಮೇಲೂ ಅವರದ್ದೇ ಅತಿ ಕಮ್ಮಿ. ದಾರಿ ಹುಡುಕುವುದರಿಂದಲೇ ಹೀಗಾಯಿತು ಅಂತ ಇದರಿಂದ ಸಾಬೀತಾಗುವುದಿಲ್ಲ, ಅದನ್ನು ಬರೆದವರೇ ಹೇಳಿದ್ದಾರೆ. ಆದರೂ ಓದಿ ಮುಗಿಸಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇನ್ನು ನನ್ನಂಥವರ ಕಥೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2020ರಲ್ಲಿ 50 ಜನ ಡ್ರೈವರ್‌ಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಜಿಪಿಎಸ್ ಹೆಚ್ಚು ಬಳಸಿದವರಿಗೆ ತಾವೇ ದಾರಿ ಹುಡುಕಬೇಕಾದಾಗ ಜಾಗದ ನೆನಪು ಕಮ್ಮಿ. ಮೂರು ವರ್ಷದ ನಂತರ ಅವರಲ್ಲಿ 13 ಜನರನ್ನು ಮತ್ತೆ ನೋಡಿದರು, ಹೆಚ್ಚು ಬಳಸಿದವರದ್ದು ಹೆಚ್ಚು ಇಳಿದಿತ್ತು. ಹದಿಮೂರು ಜನ ಬಹಳ ಕಮ್ಮಿ, ಒಪ್ಪುತ್ತೇನೆ. ಎಸ್‌ಎಸ್2ರ ಮಾವಿನ ಮರದ ಕೆಳಗೆ ನಿಂತ ಹದಿನಾಲ್ಕನೆಯವಳು ನಾನು.

ಆ ರಜೆಯಲ್ಲೇ ಅಪ್ಪನ ಫೋನಿನಲ್ಲಿ ಲೊಕೇಶನ್ ಶೇರಿಂಗ್ ಹಾಕಿ ಬಂದೆ. ಅಪ್ಪನನ್ನು ಕೇಳಲಿಲ್ಲ. ನಾನು ವಾರ್ಡಿನಲ್ಲಿ ರೋಗಿಯ ಕೈಗೆ ಸೂಜಿ ಹಾಕಬೇಕಾದರೂ ಕೇಳಿ ಹಾಕುವವಳು, ಅಪ್ಪನಿಗೆ ಹೇಳಲೇ ಇಲ್ಲ. ಹೇಳಿದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು, ಅದಕ್ಕೆ. ನನ್ನದನ್ನು ಅಮ್ಮನಿಗೆ ಹಾಕಿಕೊಟ್ಟೆ, ಸಮಾಧಾನಕ್ಕೆ. ಈಗ ಅಮ್ಮ ಬೆಳಿಗ್ಗೆ ಫೋನ್ ಮಾಡಿ, "ನಿನ್ನೆ ರಾತ್ರಿ ಹನ್ನೊಂದಾದ್ರೂ ಮನೆಗೆ ಬಂದಿರ್ಲಿಲ್ವಲ್ಲೇ?" ಅಂತ ಕೇಳುತ್ತಾಳೆ. 3,000 ಕಿಲೋಮೀಟರ್ ದೂರದಿಂದ!

ಹೋದ ಜುಲೈನಲ್ಲಿ ಒಂದು ದಿನ ನನಗೆ ಆಫ್ ಇತ್ತು. ಸಂಜೆ ಏಳೂವರೆಗೆ, ಅಂದರೆ ಅಲ್ಲಿ ಐದಕ್ಕೆ, ಅಮ್ಮನ ಕರೆ. "ಮೂರು ಗಂಟೆಗೆ ಹೋದೋರು ಇನ್ನೂ ಬಂದಿಲ್ಲ ಕಣೆ." ಮ್ಯಾಪ್ ತೆಗೆದೆ. ನಾಲ್ಕೂ ಹತ್ತರ ಚುಕ್ಕೆ ಸಕಲೇಶಪುರದ ಹತ್ತಿರ. ಆಮೇಲಿನದು ಚುಕ್ಕೆಯಲ್ಲ, ಕಾಫಿ ತೋಟಗಳ ಮೇಲೆ ಒಂದು ದೊಡ್ಡ ತಿಳಿನೀಲಿ ವೃತ್ತ. ಬ್ಯಾಟರಿ ಶೇ. 11. ಅಂದರೆ ಫೋನಿಗೆ ಉಪಗ್ರಹ ಕೇಳಿಸುತ್ತಿಲ್ಲ, ಬಸ್ಸಿನೊಳಗೆ, ಜೇಬಿನೊಳಗೆ, ಘಾಟಿಯ ಮಗ್ಗುಲಲ್ಲಿ. ಹತ್ತಿರದ ಮೊಬೈಲ್ ಟವರ್ ಹಿಡಿದು ಅಂದಾಜು ಹೇಳುತ್ತಿದೆ. ಊರಲ್ಲಿ ಟವರ್‌ಗಳು ಒತ್ತೊತ್ತಾಗಿ ಇರುತ್ತವೆ, ವೃತ್ತ ಚಿಕ್ಕದು. ಮಲೆನಾಡಿನಲ್ಲಿ ಟವರ್ ದೂರ ದೂರ, ವೃತ್ತ ಒಂದು ಹಳ್ಳಿಯಷ್ಟು ದೊಡ್ಡದು.

ಆ ಹೊತ್ತಿಗೆ ನೆನಪಾಗಬಾರದ್ದೆಲ್ಲ ನೆನಪಾಯಿತು. 2023ರ ಅಕ್ಟೋಬರ್ 1ರ ರಾತ್ರಿ ಕೊಚ್ಚಿ ಹತ್ತಿರ ಮಳೆಯಲ್ಲಿ ಕಾರು ಪೆರಿಯಾರ್ ನದಿಗೆ ಇಳಿದು ಇಬ್ಬರು ಎಳೆಯ ಡಾಕ್ಟರ್‌ಗಳು ಸತ್ತರು, ಮೂವರು ಬದುಕಿದರು. ಫೋನ್ ನಕ್ಷೆ ನೋಡಿಕೊಂಡು ಹೋಗುತ್ತಿದ್ದರು ಅಂತ ವರದಿಯಾಗಿತ್ತು. 2024ರ ಡಿಸೆಂಬರ್‌ನಲ್ಲಿ ಗೋವಾಕ್ಕೆ ಹೊರಟಿದ್ದ ಬಿಹಾರದ ಕುಟುಂಬವೊಂದು ನಕ್ಷೆ ನಂಬಿ ಖಾನಾಪುರದ ಕಾಡಿನೊಳಗೆ ಸಿಕ್ಕಿಕೊಂಡು, ನೆಟ್‌ವರ್ಕ್ ಸಿಗುವ ತನಕ ನಡೆದು 112ಕ್ಕೆ ಕರೆ ಮಾಡಿ ಪಾರಾಯಿತು. ಅವರಿಗೆ ನಡೆಯಲು ಆಯಿತು. ಅಪ್ಪನಿಗೆ 112 ಅನ್ನುವ ನಂಬರ್ ನೆನಪಿರುತ್ತದಾ?

ತಮ್ಮ ಹಾಸನದಿಂದ ಕಾರು ತೆಗೆದ. ನಾನು ಇಲ್ಲಿಂದ ವೃತ್ತದ ನಡುಮಧ್ಯ ಎಲ್ಲಿದೆ ನೋಡಿ ಹೇಳುತ್ತಿದ್ದೆ. ಅದು ನನ್ನ ತಪ್ಪು. ವೃತ್ತದ ಮಧ್ಯೆ ಇರುವುದು ಫೋನಿನ ಊಹೆ ಅಷ್ಟೇ, ಮನುಷ್ಯ ಆ ವೃತ್ತದಲ್ಲಿ ಎಲ್ಲಿ ಬೇಕಾದರೂ ಇರಬಹುದು. ಅವನು ಹೋಗಿ ನೋಡಿದರೆ ಒಂದು ತೋಟದ ಬೀಗ ಹಾಕಿದ ಗೇಟು, ನಾಯಿ, ಮಳೆ. ಆರೂಮುಕ್ಕಾಲು. ಕತ್ತಲಾಗುತ್ತಿತ್ತು.

ಆಗ ಅಮ್ಮನಿಗೆ ಹೊಳೆದದ್ದು, ಅಪ್ಪನ ಜೊತೆ ಹದಿನೈದು ವರ್ಷ ಕಂಡಕ್ಟರ್ ಆಗಿದ್ದ ಮಾವನಿಗೆ ಫೋನ್ ಮಾಡಿದಳು. ಅವರು ಮ್ಯಾಪ್ ಕೇಳಲಿಲ್ಲ. "ಸಕಲೇಶಪುರ ದಾಟಿದ್ದಾನೆ ಅಂದ್ರೆ ದೋಣಿಗಾಲ್‌ಗೆ ಹೋಗಿರ್ತಾನೆ. ಅಲ್ಲೊಂದು ಹೋಟ್ಲಿತ್ತು, ಘಾಟಿ ಇಳಿಯೋಕ್ ಮುಂಚೆ ಕಾಫಿ ಕುಡೀತಿದ್ವಿ. ಈಗ ಹೋಟ್ಲಿಲ್ಲ. ಜಗಲಿ ಇರಬೌದು ನೋಡಿ."

ಜಗಲಿ ಇತ್ತು. ಅಪ್ಪ ಅದರ ಮೇಲೆ ಕೂತಿದ್ದರು, ಟವೆಲ್ ತಲೆಗೆ ಹಾಕಿಕೊಂಡು. ಮಂಗಳೂರು ಬಸ್ ಹತ್ತಿ, ಸ್ಟಾಫು ಅಂತ ಹೇಳಿ ಅಲ್ಲಿ ಇಳಿದಿದ್ದರು. ತಮ್ಮ ವಿಡಿಯೋ ಕಾಲ್ ಮಾಡಿ ತೋರಿಸಿದ. "ಏನಪ್ಪಾ ಇಲ್ಲಿ?" ಅಂತ ಕೇಳಿದೆ. "ಡ್ಯೂಟಿ ಐತೆ ಕಣವ್ವ, ಗಾಡಿ ಇನ್ನೂ ಬಂದಿಲ್ಲ" ಅಂದರು.

ಮಾವನ ನೆನಪೇ ಗೆದ್ದಿತು, ಫೋನ್ ದಂಡ ಅಂತ ತಮ್ಮ ಈಗಲೂ ಹೇಳುತ್ತಾನೆ. ನನಗೆ ಹಾಗನ್ನಿಸುವುದಿಲ್ಲ. ಸಕಲೇಶಪುರ ದಾಟಿದ್ದಾರೆ ಅಂತ ಹೇಳಿದ್ದು ಆ ಚುಕ್ಕೆಯೇ. ಅದಿಲ್ಲದಿದ್ದರೆ ನಾವು ಆ ಹೊತ್ತಿಗೆ ಹಾಸನದ ಬಸ್‌ಸ್ಟ್ಯಾಂಡು, ಆಸ್ಪತ್ರೆ, ಕೆರೆ ಏರಿ ಅಂತ ಹುಡುಕುತ್ತಾ ಇರುತ್ತಿದ್ದೆವು.

ವಾಪಸ್ ಬರುವಾಗ ಹೈವೇಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದವಂತೆ. ತಮ್ಮನ ಫೋನು ಎಡಕ್ಕೆ ಒಂದು ಒಳದಾರಿ ತೋರಿಸಿ, ಇಪ್ಪತ್ತು ನಿಮಿಷ ಉಳಿಯುತ್ತದೆ ಅಂದಿತು. ಹಿಂದೆ ಕೂತಿದ್ದ ಅಪ್ಪ ತಟ್ಟನೆ ಮುಂದೆ ಬಾಗಿ, "ಆ ಕಡೆ ತಿರುಗಿಸ್ಬೇಡ ಕಣೋ, ಅಲ್ಲಿ ಸೇತುವೆ ಇಲ್ಲ" ಅಂದರು. ಸೇತುವೆ ಆಗಿ ಹತ್ತು ವರ್ಷ ಆಗಿದೆ, ತಮ್ಮನಿಗೆ ಗೊತ್ತು. ಅವನು ಫೋನ್ ಆಫ್ ಮಾಡಿ, ಲಾರಿಗಳ ಹಿಂದೆಯೇ ಮೇನ್ ರೋಡಿನಲ್ಲಿ ಬಂದ. ಮನೆ ತಲುಪಿದಾಗ ಅಲ್ಲಿ ಒಂಬತ್ತೂವರೆ, ಇಲ್ಲಿ ರಾತ್ರಿ ಹನ್ನೆರಡು. ಅಪ್ಪನ ಚುಕ್ಕೆ ಅಷ್ಟು ಹೊತ್ತಿಗೆ ಬ್ಯಾಟರಿ ಸತ್ತು ಇನ್ನೂ ದೋಣಿಗಾಲ್‌ನಲ್ಲೇ ನಿಂತಿತ್ತು. ಅಮ್ಮ ಅವರ ಫೋನನ್ನು ಚಾರ್ಜಿಗೆ ಹಾಕುವ ತನಕ ಅದನ್ನೇ ನೋಡುತ್ತಾ ಕೂತಿದ್ದೆ.